ತಾನಾಗಿ ಏರಿದ ತೂಕ

ಜೂನ್ 3

ಸಾಸಿವೆಯ ಅಮ್ಮನಿಗೆ,

ಕ್ಷೇಮ ಸಮಾಚಾರ ಕೇಳುವುದಕ್ಕೆ ಬರೆಯುತ್ತಿಲ್ಲ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಎರಡನೇ ಮಾತಿಗೆ ಕಿಡಿ, ಮೂರನೇ ಮಾತಿಗೆ ಬೆಂಕಿ. ಅದಕ್ಕೇ ನನ್ನ ವಕೀಲರು, "ಏನಿದ್ರೂ ಬರೆದು ಕೇಳಿ, ಒಂದು ಪ್ರತಿ ಇಟ್ಕೊಳ್ಳಿ" ಎಂದಿದ್ದಾರೆ. ಹಾಳೆಯ ಕೆಳಗೆ ಕಾರ್ಬನ್ ಇಟ್ಟೇ ಬರೆಯುತ್ತಿದ್ದೇನೆ. ನೀನೂ ನೋಡಿಕೊಂಡು ಬರೆ.

ವಿಷಯ ಇಷ್ಟೆ. ಫೆಬ್ರವರಿಯಲ್ಲಿ ನೀನು ಎರಡು ಚೀಲ ಹಿಡಿದು ಹೊರಟಾಗ ಬಚ್ಚಲ ಗೂಡಿನಲ್ಲಿ ನೀನು ಕಾಯಿಸಿದ ಬಟ್ಟೆ ಸಾಬೂನು ಹನ್ನೊಂದು ತುಂಡು ಇತ್ತು. ಕೊನೆಯದು ಈಗ ಉಗುರಿನಷ್ಟು ತೆಳ್ಳಗಾಗಿದೆ. ಅಂಗಡಿ ಪುಡಿಯಲ್ಲಿ ಒಗೆದರೆ ಸಾಸಿವೆಯ ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ಕೆಂಪಗೆ ದದ್ದು. ಹತ್ತು ವರ್ಷದ ಹುಡುಗಿ ಪಾಠದ ಹೊತ್ತಿನಲ್ಲಿ ಕೆರೆದುಕೊಳ್ಳುತ್ತಾ ಕೂರುತ್ತಾಳೆ. ಟೀಚರಮ್ಮ ಚೀಟಿ ಕಳಿಸಿದ್ದಾರೆ, "ಮನೆಯಲ್ಲಿ ಬಟ್ಟೆ ಬದಲಿಸುತ್ತೀರಾ?" ಎಂದು. ಓದಿ ತಲೆ ತಗ್ಗಿಸುವಂತಾಯಿತು.

ಆದ್ದರಿಂದ ಆ ಸಾಬೂನು ಮಾಡುವ ಕ್ರಮ, ಬಟ್ಟೆ ಮೆತ್ತಗಾಗಲು ಕೊನೆಯಲ್ಲಿ ಹಾಕುತ್ತಿದ್ದ ಹುಳಿ ವಾಸನೆಯ ನೀರಿನ ಕ್ರಮ, ಎರಡನ್ನೂ ಬರೆದು ಕಳಿಸು. ಕೇಳುತ್ತಿರುವುದು ನನಗಾಗಿ ಅಲ್ಲ. ಅವಳು ಯಾರ ಹತ್ತಿರ ಇರಬೇಕೆಂದು ಆಗಸ್ಟ್ 28ಕ್ಕೆ ಕೋರ್ಟು ಹೇಳುತ್ತದೆ. ಅಲ್ಲಿಯವರೆಗೆ ಅವಳ ಚರ್ಮ ನನ್ನ ಜವಾಬ್ದಾರಿ.

ಅಳತೆಯನ್ನು ಗ್ರಾಮಿನಲ್ಲಿ ಬರೆ. ಮೂವತ್ತು ವರ್ಷದಿಂದ ಊರವರ ತಕ್ಕಡಿ ರಿಪೇರಿ ಮಾಡುತ್ತಿರುವವನು ನಾನು. "ಒಂದು ಹಿಡಿ", "ಒಂಚೂರು" ನನಗೆ ಅರ್ಥವಾಗುವುದಿಲ್ಲ.

ಸಾಸಿವೆಯ ಅಪ್ಪ

*

ಜೂನ್ 11

ತಕ್ಕಡಿಯವರಿಗೆ,

ಹನ್ನೆರಡು ವರ್ಷ ನಾನು ಒಗೆದ ಬಟ್ಟೆ ತೊಟ್ಟಿರಿ. ಸಾಬೂನು ಮರದಲ್ಲಿ ಬಿಡುತ್ತದೋ ಬಾವಿಯಲ್ಲಿ ಸಿಗುತ್ತದೋ ಎಂದು ಒಂದು ದಿನ ಕೇಳಿದವರಲ್ಲ. ಈಗ ಗ್ರಾಮಿನಲ್ಲಿ ಬೇಕಂತೆ!

ಇದಕ್ಕೆ ಸುಲಭದ ದಾರಿ ಇದೆ. ಸಾಸಿವೆಯನ್ನು ಇಲ್ಲಿಗೆ ಕಳಿಸಿ. ಸಾಬೂನು ಇಲ್ಲಿದೆ, ಮಾಡುವವಳೂ ಇಲ್ಲಿದ್ದಾಳೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಈಗ ನಾನು ಮೇಲ್ವಿಚಾರಕಿ. ದಿನಕ್ಕೆ ನಾನೂರು ಹಾಸಿಗೆಬಟ್ಟೆ ನನ್ನ ಕಣ್ಣೆದುರು ಬೆಳ್ಳಗಾಗುತ್ತವೆ. ಒಬ್ಬಳು ಹುಡುಗಿಯ ಫ್ರಾಕು ನನಗೆ ಭಾರವಲ್ಲ.

ಕಳಿಸುವುದಿಲ್ಲ, ಗೊತ್ತು. ನಾನು ಕ್ರಮ ಹೇಳದಿದ್ದರೆ ನಾಳೆ ಕಟಕಟೆಯಲ್ಲಿ ನಿಂತು "ಮಗು ಕೆರ್ಕೊಳ್ತಿದ್ರೂ ಹೇಳ್ಲಿಲ್ಲ ಸ್ವಾಮಿ" ಎನ್ನುತ್ತೀರಿ. ಅದೂ ಗೊತ್ತು. ಆದ್ದರಿಂದ ತಗೊಳ್ಳಿ.

ತೆಂಗಿನೆಣ್ಣೆ ಒಂದು ಕಿಲೋ. ಕಾಸ್ಟಿಕ್ ಸೋಡಾ ನೂರೆಂಬತ್ತು ಗ್ರಾಂ. ನೀರು ಮುನ್ನೂರೈವತ್ತು. ಸೋಡಾ ಅಟ್ಟದ ಮೇಲಿನ ಡಬ್ಬದಲ್ಲಿದೆ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಲಿ. ನೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಸುರಿದಿರೋ, ಮುಖಕ್ಕೇ ಎಗರುತ್ತದೆ. ಆ ನೀರನ್ನು ಬೆಚ್ಚಗಿನ ಎಣ್ಣೆಗೆ ಹುಯ್ದು ಸಣ್ಣ ಉರಿಯಲ್ಲಿ ಮೂರು ಗಂಟೆ ತಿರುವಿ. ಮೇಣದ ಹಾಗಾದಾಗ ತಟ್ಟೆಗೆ ಬಗ್ಗಿಸಿ ಮೂರು ದಿನ ಬಿಡಿ. ಆಮೇಲೆ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ ಬಾಯಿ ತೊಳೆದುಕೊಳ್ಳಬೇಕು. ಚುರುಕ್ ಎಂದರೆ ಸೋಡಾದ ಖಾರ ಉಳಿದಿದೆ, ಬಟ್ಟೆಗೆ ಹಾಕಬಾರದು. ಏನೂ ಆಗದಿದ್ದರೆ ಸಾಬೂನು.

ಮೆತ್ತಗಿನ ನೀರಿಗೆ: ಬಿಳಿ ವಿನೆಗರಿನಲ್ಲಿ ಕಿತ್ತಳೆ ಸಿಪ್ಪೆ ಎರಡು ವಾರ ನೆನೆಸಿ ಸೋಸಿ. ಬಕೆಟ್ಟಿಗೆ ಅರ್ಧ ಲೋಟ.

ಅವಳ ಹಸಿರು ಸ್ವೆಟರನ್ನು ಹಿಂಡಬೇಡಿ. ನಿಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಹಿಂಡುವುದು ನಿಮ್ಮ ಅಭ್ಯಾಸ.

ಅವಳ ಅಮ್ಮ

*

ಜೂನ್ 29

ಸಾಸಿವೆಯ ಅಮ್ಮನಿಗೆ,

ತಪ್ಪು ತೂಕ ಕೊಡುವ ಅಂಗಡಿಯವನಿಗೆ ದಂಡ ಹಾಕುತ್ತಾರೆ. ನಿನಗೆ ಯಾರು ಹಾಕಬೇಕು?

ನೀನು ಬರೆದದ್ದನ್ನು ಒಂದಿಷ್ಟೂ ಬಿಡದೆ ಮಾಡಿದೆ. ಸೋಡಾ ಡಬ್ಬದಲ್ಲಿ ಗಟ್ಟಿ ಕಟ್ಟಿತ್ತು, ಸುತ್ತಿಗೆಯಲ್ಲಿ ಒಡೆದು ತೆಗೆದೆ. ರಿಪೇರಿಗೆ ಬಂದಿದ್ದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿದೆ. ನೂರೆಂಬತ್ತು ಅಂದರೆ ನೂರೆಂಬತ್ತು, ಅರ್ಧ ಗ್ರಾಂ ಆಚೀಚೆ ಇಲ್ಲ. ಮೂರು ಗಂಟೆ ತಿರುವಿದೆ, ಭುಜ ಬಿದ್ದುಹೋಯಿತು. ತಟ್ಟೆಯಲ್ಲಿ ಮೂರು ದಿನವಲ್ಲ, ಆರು ದಿನ ಇಟ್ಟೆ. ಗಟ್ಟಿಯಾಗಲಿಲ್ಲ. ಮೇಲೆ ಎಣ್ಣೆ ತೇಲುತ್ತಿದೆ. ಸಾಸಿವೆ ಬೆರಳಲ್ಲಿ ಚುಚ್ಚಿ ನೋಡಿ, "ಅಪ್ಪಾ, ಇದು ಸಾಬೂನಲ್ಲ, ಸೋಮಾರಿ. ಏಳೋಕೇ ಆಗ್ತಿಲ್ಲ ಇದಕ್ಕೆ" ಅಂದಳು.

ಹೋಗಲಿ ಎಂದು ಅದನ್ನೇ ಬಕೆಟ್ಟಿನಲ್ಲಿ ಕದಡಿ ಅವಳ ಶಾಲೆಯ ಅಂಗಿ ನೆನೆಸಿದೆ. ಎರಡು ಸಲ ನೀರು ಹಾಳುಮಾಡುವುದೇಕೆಂದು ನಿನ್ನ ವಿನೆಗರನ್ನೂ ಅದೇ ಬಕೆಟ್ಟಿಗೆ ಸುರಿದೆ. ಹಾಲು ಒಡೆದ ಹಾಗೆ ಒಡೆಯಿತು! ಬಿಳಿ ಬಿಳಿ ಗರಣೆ ಅಂಗಿಗೆಲ್ಲ ಮೆತ್ತಿಕೊಂಡಿತು. ಬೆಣ್ಣೆ ಒರೆಸಿದ ಬಟ್ಟೆಯಂತಾಗಿ ಅದು ಈಗ ನನ್ನ ಅಂಗಡಿಯಲ್ಲಿ ಕಬ್ಬಿಣ ಒರೆಸುತ್ತಿದೆ.

ಸಾಬೂನು ನೆಕ್ಕಿ ನೋಡು ಎಂದು ಬರೆದಿದ್ದೀಯ. ನಾನು ನೆಕ್ಕುವವನಲ್ಲ. ತಕ್ಕಡಿ ಸುಳ್ಳು ಹೇಳುವುದಿಲ್ಲ. ಸುಳ್ಳು ಬರೆದವಳು ನೀನು. ಸರಿಯಾದ ಅಳತೆ ಕಳಿಸು.

ಸಾಸಿವೆಯ ಅಪ್ಪ

*

ಜುಲೈ 5

ತಕ್ಕಡಿಯವರಿಗೆ,

ನಿಮ್ಮ ಕಾಗದವನ್ನು ಇಲ್ಲಿ ಇಸ್ತ್ರಿ ಮಾಡುವವರಿಗೆಲ್ಲ ಓದಿ ಹೇಳಿದೆ. ಬಹಳ ದಿನದಿಂದ ಅವರು ಹಾಗೆ ನಕ್ಕಿರಲಿಲ್ಲ. ಸಾಬೂನು ನೀರಿಗೇ ವಿನೆಗರ್ ಸುರಿಯುವ ಬುದ್ಧಿವಂತ ಇದ್ದಾನೆಂದು ನನಗೆ ತೋಚಲಿಲ್ಲ. ತೋಚಿದ್ದರೆ ಬರೆಯುತ್ತಿದ್ದೆ. ಸಾಬೂನು ಪೂರ್ತಿ ಹೋಗುವಂತೆ ಎರಡು ನೀರಿನಲ್ಲಿ ಜಾಲಿಸಿ, ಮೂರನೇ ನೀರಿಗೆ ಹಾಕಬೇಕು. ಒಲೆಯ ಮೇಲೆ ಅನ್ನವನ್ನೂ ಚಹಾವನ್ನೂ ಒಂದೇ ಪಾತ್ರೆಯಲ್ಲಿ ಇಡುತ್ತೀರೇನು?

ಅಳತೆ ಅದೇ. ನಾನು ಹನ್ನೆರಡು ವರ್ಷ ಅದೇ ಅಳತೆಯಲ್ಲಿ ಕಾಯಿಸಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಒಂದು ಕತೆ ಹೇಳುತ್ತೇನೆ, ಕೇಳಿ. ಒಬ್ಬನಿದ್ದನಂತೆ. ಹೊಟ್ಟೆ ಚುರುಗುಟ್ಟಿದರೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಮೊದಲು ತಕ್ಕಡಿ ಹತ್ತುತ್ತಿದ್ದ. ತೂಕ ಇಳಿದಿದ್ದರೆ "ಹೌದು, ಹಸಿವು ನಿಜ" ಎಂದು ಉಣ್ಣುತ್ತಿದ್ದ. ಒಂದು ದಿನ ತಕ್ಕಡಿಯ ಮುಳ್ಳು ಸಿಕ್ಕಿಕೊಂಡಿತು. ಹೆಂಡತಿ ಬಡಿಸಿಟ್ಟು ಕಾದಳು. "ತೂಕ ಇಳಿದಿಲ್ಲ ಕಣೇ, ನಂಗೆ ಹಸಿವಿಲ್ಲ" ಅಂದ. ಮರುದಿನವೂ ಅಂದ. ಹಸಿದೇ ಸತ್ತ. ಹೆಂಡತಿ ಏನು ಮಾಡಿದಳು ಅಂತೀರಿ? ಎರಡು ಚೀಲ ಹಿಡಿದು ಹೊರಟಳು.

ಮಾಡಲಾಗದಿದ್ದರೆ ಆಗಲಿಲ್ಲವೆಂದು ಒಪ್ಪಿಕೊಳ್ಳಿ. ಹುಡುಗಿಯನ್ನು ಕಳಿಸಿ.

ಅವಳ ಅಮ್ಮ

*

ಜುಲೈ 16

ಸಾಸಿವೆಯ ಅಮ್ಮನಿಗೆ,

ಈ ಕಾಗದದ ಜೊತೆ ಒಂದು ತುಂಡು ಕಳಿಸುತ್ತಿದ್ದೇನೆ. ಕೈಯಲ್ಲಿ ಹಿಡಿದು ನೋಡು. ಮೇಜಿಗೆ ಕುಟ್ಟು, ಟಣ್ ಎನ್ನುತ್ತದೆ. ನಿನ್ನ ಇಸ್ತ್ರಿಯವರಿಗೂ ತೋರಿಸು, ನಗಲಿ.

ನೀನು ಸೋಡಾ ಕಡಿಮೆ ಬರೆದಿದ್ದೀಯೆಂದು ನನಗೆ ಖಾತ್ರಿಯಾಗಿತ್ತು. ಎಣ್ಣೆ ತೇಲಿದರೆ ಸೋಡಾ ಸಾಲಲಿಲ್ಲವೆಂದು ತಾನೇ ಅರ್ಥ? ನಮ್ಮ ಕಸುಬಿನಲ್ಲಿ ತಕ್ಕಡಿ ಒಂದು ಕಡೆ ವಾಲಿದರೆ ಇನ್ನೊಂದು ಕಡೆಗೆ ಸೇರಿಸುತ್ತೇವೆ. ಅಷ್ಟೇ ವಿದ್ಯೆ. ಹಳೇ ಡಬ್ಬ ತಳ ಕಂಡಿತ್ತು. ಹೊಸ ಡಬ್ಬ ತಂದು ಮುದ್ರೆ ಒಡೆದು ಇನ್ನೂರ ನಲವತ್ತು ಗ್ರಾಂ ಹಾಕಿದೆ. ಒಂದೂವರೆ ಗಂಟೆಯಲ್ಲೇ ಗಟ್ಟಿಯಾಯಿತು. ಹನ್ನೆರಡು ವರ್ಷ ನೀನು ಅರೆಬೆಂದ ಸಾಬೂನಿನಲ್ಲಿ ನಮ್ಮನ್ನು ಒಗೆದಿದ್ದೀಯ.

ವಿನೆಗರಿನ ಸಹವಾಸ ಸಾಕೆಂದು ಬಿಟ್ಟೆ. ಕಾಲರಿಗೆ ತುಂಡನ್ನೇ ಉಜ್ಜಿ ಒಂದು ನೀರಿನಲ್ಲಿ ಜಾಲಿಸಿದರೆ ಸಾಕು, ಹೊಳೆಯುತ್ತದೆ.

ಸಾಸಿವೆಯ ಕುತ್ತಿಗೆ ಪರವಾಗಿಲ್ಲ.

ಕೆಳಗೆ ಒಂದು ಸಾಲು ತಾನೂ ಬರೆಯುತ್ತೇನೆಂದು ಹಟ ಮಾಡುತ್ತಿದ್ದಾಳೆ.

ಸಾಸಿವೆಯ ಅಪ್ಪ

*ಅಮ್ಮಾ, ಅಪ್ಪ ದಿಂಬಿನ ಬಟ್ಟೆ ಮೂರು ಸಲ ಒಗೆದರು. ತುಂಬಾ ಬೆಳ್ಳಗಿದೆ. ನಾನು ಈಗ ಮಗ್ಗುಲಲ್ಲಿ ಮಲಗಲ್ಲ. ಕುತ್ತಿಗೆ ತಾಗಬಾರದು ಅಂತ ಕೂತೇ ನಿದ್ದೆ ಮಾಡೋದು ಕಲಿತಿದ್ದೀನಿ.*

*

ಜುಲೈ 20, ತುರ್ತು ಅಂಚೆ

ಏನಯ್ಯಾ,

ನೀನು ಕಳಿಸಿದ ತುಂಡನ್ನು ನಾಲಿಗೆಗೆ ಮುಟ್ಟಿಸಿದೆ. ಕರೆಂಟು ಹೊಡೆದ ಹಾಗಾಯಿತು. ನಾಲಿಗೆಯ ತುದಿ ಬೆಳ್ಳಗಾಗಿದೆ, ಉಪ್ಪು ಖಾರ ಗೊತ್ತಾಗುತ್ತಿಲ್ಲ. ಇದನ್ನು ಅವಳ ಕಾಲರಿಗೆ ಉಜ್ಜಿದೆಯಾ? ಕೂತು ನಿದ್ದೆ ಮಾಡುವುದನ್ನು ಕಲಿತಿದ್ದಾಳಂತೆ. ಆ ಸಾಲಿನ ಮೇಲೆಯೇ "ಪರವಾಗಿಲ್ಲ" ಎಂದು ಬರೆಯಲು ನಿನಗೆ ಕೈ ಹೇಗೆ ಬಂತು?

ನಿನ್ನ ಅಂಗಡಿಗೆ ಮೂರು ಸಲ ಫೋನ್ ಮಾಡಿದೆ. ಕೊನೆಗೆ ನಿನ್ನ ಪಕ್ಕದ ಗಡಿಯಾರದಂಗಡಿಯ ಮುದುಕರು ಎತ್ತಿ, "ಡಾಕ್ಟ್ರ ಹತ್ರ ಹೋಗಿದಾನೆ ಕಣಮ್ಮಾ, ಮಗೂನ ಕರ್ಕೊಂಡು. ಇದು ಎರಡ್ನೇ ಸಲ" ಎಂದರು. ಎರಡನೇ ಸಲ! ನೀನು ಕಾಗದ ಬರೆದ ದಿನವೇ ಮೊದಲನೇ ಸಲ ಹೋಗಿದ್ದೆಯಂತೆ.

ಅವಳ ಬಟ್ಟೆ, ಹಾಸಿಗೆ, ದಿಂಬು, ಒಳಗಿನದು ಹೊರಗಿನದು, ಆ ಸಾಬೂನು ಮುಟ್ಟಿದ ಎಲ್ಲವನ್ನೂ ಈಗಲೇ ನೀರಿಗೆ ಹಾಕು. ಮೂರು ನೀರಿನಲ್ಲಿ ಜಾಲಿಸು. ನಾಲ್ಕನೇ ನೀರಿಗೆ ಅರ್ಧ ಲೋಟ ವಿನೆಗರ್. ಬಟ್ಟೆಯಲ್ಲಿ ಉಳಿದ ಆ ಖಾರವನ್ನು ಹುಳಿಯೇ ಸಾಯಿಸುವುದು. ಮೊದಲೇ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ. ಬಟ್ಟೆಗೆ ಮಾತ್ರ. ಅವಳ ಚರ್ಮಕ್ಕೆ ವಿನೆಗರ್ ಮುಟ್ಟಿಸೀಯೆ! ಚರ್ಮಕ್ಕೆ ಡಾಕ್ಟರು ಹೇಳಿದ್ದಷ್ಟೆ. ಉಳಿದ ತುಂಡುಗಳನ್ನು ಮುಟ್ಟಬೇಡ.

ನನ್ನ ಬಳಿ ಇರುವ ತುಂಡನ್ನು ಕಾಗದದಲ್ಲಿ ಸುತ್ತಿ ಬೀಗ ಹಾಕಿ ಇಟ್ಟಿದ್ದೇನೆ. ಆಗಸ್ಟ್ 28ಕ್ಕೆ ಕೋರ್ಟಿಗೆ ತರುತ್ತೇನೆ. ನ್ಯಾಯಾಧೀಶರಿಗೆ ನಾಲಿಗೆ ಇದೆಯಲ್ಲ.

*

ಜುಲೈ 26

ಸಾಸಿವೆಯ ಅಮ್ಮನಿಗೆ,

ಏಕವಚನಕ್ಕೆ ಇಳಿದದ್ದು ನೋಡಿದೆ. ಹಾಗೇ ಇರಲಿ.

ಬಟ್ಟೆಯೆಲ್ಲ ನೀನು ಹೇಳಿದ ಹಾಗೆ ಜಾಲಿಸಿದೆ. ಡಾಕ್ಟರು ಇದನ್ನು ಸುಟ್ಟ ಗಾಯವೆಂದರು. ಕಾಲರು ಕೂರುವ ಗೆರೆಯಲ್ಲಿ, ಎರಡೂ ಕಡೆ, ಹೆಬ್ಬೆರಳಿನಷ್ಟಗಲ. ಮುಲಾಮು ಕೊಟ್ಟಿದ್ದಾರೆ. ಚರ್ಮ ಬರುತ್ತಿದೆ. ಕಲೆ ಉಳಿದರೂ ಉಳಿಯಬಹುದಂತೆ. "ಏನು ಹಾಕಿದ್ರಿ?" ಎಂದು ಡಾಕ್ಟರಮ್ಮ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಸಾಸಿವೆ, "ಸ್ಕೂಲಲ್ಲಿ ಬಿದ್ದೆ" ಅಂದಳು. ಕುತ್ತಿಗೆಯ ಎರಡೂ ಕಡೆಗೆ ಬೀಳುವುದು ಹೇಗೆಂದು ಡಾಕ್ಟರಮ್ಮ ನನ್ನನ್ನೇ ನೋಡಿದರು. ಆಮೇಲೆ ನಿಜ ಹೇಳಿದೆ.

ಪರವಾಗಿಲ್ಲ ಎಂದು ಬರೆದದ್ದು ತಪ್ಪು. ಆದರೆ ಸೋಡಾ ಹೆಚ್ಚು ಹಾಕಿದ್ದೇಕೆ? ಮೊದಲ ಸಲ ನಿನ್ನ ಅಳತೆ ಕೈಕೊಟ್ಟಿತೆಂದು. ಅದಕ್ಕೆ ಉತ್ತರ ಬೇಕು ನನಗೆ.

ಮೊನ್ನೆ ಅಟ್ಟದ ಹಳೇ ಡಬ್ಬದ ತಳದಲ್ಲಿ ಅಂಟಿದ್ದ ಸೋಡಾವನ್ನು ಕೆರೆದು ಚಿನ್ನದಂಗಡಿಯ ತಕ್ಕಡಿಯ ಮೇಲಿಟ್ಟೆ. ಹನ್ನೆರಡು ಗ್ರಾಂ ತೋರಿಸಿತು. ಬರೆದುಕೊಳ್ಳಲು ಪೆನ್ಸಿಲು ಹುಡುಕಿ ಬರುವಷ್ಟರಲ್ಲಿ ಅಂಕಿ ಬದಲಾಗಿತ್ತು. ಬಾಗಿಲು ಹಾಕಿದೆ, ಫ್ಯಾನು ನಿಲ್ಲಿಸಿದೆ, ಉಸಿರು ಬಿಗಿಹಿಡಿದೆ. ಯಾರೂ ಮುಟ್ಟಿಲ್ಲ, ಯಾರೂ ಏನೂ ಹಾಕಿಲ್ಲ, ತೂಕ ತಾನಾಗಿ ಏರುತ್ತಿದೆ. ಮೂವತ್ತು ವರ್ಷದಲ್ಲಿ ಇಂಥದ್ದು ಕಂಡವನಲ್ಲ. ತಕ್ಕಡಿಯೇ ಕೆಟ್ಟಿತೆಂದು ಬಿಚ್ಚಿ ಕಟ್ಟಿದೆ. ಮತ್ತೆ ಇಟ್ಟೆ, ಮತ್ತೆ ಏರಿತು.

ಸೋಡಾ ಮಾರುವ ಅಂಗಡಿಯವನನ್ನು ಕೇಳಿದೆ. "ಅದು ಗಾಳೀಲಿರೋ ನೀರು ಕುಡಿಯುತ್ತೆ ಸಾರ್. ಮುಚ್ಚಳ ಸಡಿಲ ಆದ್ರೆ ಮುಗೀತು. ತೂಗೋದು ಸೋಡಾ ಅಲ್ಲ, ನೀರು" ಎಂದ.

ನಾನು ತೂಗಿದ ನೂರೆಂಬತ್ತರಲ್ಲಿ ಎಷ್ಟೋ ಪಾಲು ನೀರಿತ್ತು. ಡಬ್ಬ ಅಟ್ಟದ ಮೇಲಿದೆ ಎಂದು ಬರೆದವಳು ನೀನು. ಒಂದೇ ಪ್ರಶ್ನೆ. ಅದರ ಮುಚ್ಚಳ ಸಡಿಲವಿದ್ದದ್ದು ನಿನಗೆ ಗೊತ್ತಿತ್ತೇ?

ಸಾಸಿವೆಯ ಅಪ್ಪ

*

ಆಗಸ್ಟ್ 9

ತಕ್ಕಡಿಯವರಿಗೆ,

ಎರಡು ವಾರ ಉತ್ತರ ಬರೆಯಲಿಲ್ಲ. ಬರೆದು ಹರಿದೆ. ನನ್ನ ವಕೀಲೆ, "ಈ ಪ್ರಶ್ನೆಗೆ ಉತ್ತರಾನೇ ಕೊಡ್ಬೇಡಿ, ಮೇಡಂ. ಕೊಟ್ರೆ ಕೇಸು ನೀವಾಗೇ ಕೈಯಾರೆ ಕೊಟ್ಟ ಹಾಗೆ" ಎಂದರು.

ಗೊತ್ತಿತ್ತು.

ಹೊರಟ ದಿನ ನಾನು ಸಾಬೂನಿಗೆ ಸೋಡಾ ತೆಗೆಯುತ್ತಿದ್ದೆ. ನೀವು ಕೆಳಗಿನಿಂದ ಕೂಗಾಡಿದಿರಿ, ನಾನು ಮೇಲಿನಿಂದ ಕೂಗಾಡಿದೆ. ಮುಚ್ಚಳವನ್ನು ಡಬ್ಬದ ಮೇಲೆ ಹಾಗೇ ಇಟ್ಟು ಇಳಿದುಬಂದೆ. ನಿಮ್ಮ ಮೊದಲ ಕಾಗದ ಓದಿದಾಗ ಅದೇ ನೆನಪಾದದ್ದು. ನಾಲ್ಕು ತಿಂಗಳು ಗಾಳಿ ಕುಡಿದ ಸೋಡಾ. "ಹೊಸ ಡಬ್ಬ ತನ್ನಿ" ಎಂದು ಮೂರು ಪದ ಬರೆಯಬೇಕಿತ್ತು. ಬದಲಿಗೆ ಅಟ್ಟದ ಮೇಲಿದೆ ಎಂದು ಬರೆದೆ. ಬರೆದು ಖುಷಿಯೂ ಪಟ್ಟೆ. ಒಂದು ಸಲ ಕೆಡಲಿ, ಎರಡು ಸಲ ಕೆಡಲಿ, ಮೂರನೇ ಸಲ "ನನ್ನ ಕೈಲಾಗಲ್ಲ, ಕರ್ಕೊಂಡು ಹೋಗು" ಅನ್ನಲಿ ಎಂದುಕೊಂಡೆ. ಎಣ್ಣೆ ತೇಲಿತೆಂದು ನೀವು ಬರೆದಾಗಲೂ ಹೇಳಬಹುದಿತ್ತು. ಕತೆ ಹೇಳಿದೆ.

ನಿಮ್ಮ ಸಾಬೂನು ಹಾಳಾಗಲಿ ಎಂದು ಬಯಸಿದ್ದೆ. ಅವಳ ಚರ್ಮವನ್ನಲ್ಲ. ಆದರೆ ಎಣ್ಣೆ ತೇಲಿದರೆ ನೀವು ತಕ್ಕಡಿಯ ಇನ್ನೊಂದು ಕಡೆಗೆ ಸೇರಿಸುವವರೆಂದು, ಹನ್ನೆರಡು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ತಿಳಿಯಬೇಕಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನನ್ನದು ಗಂಡನ ಮೇಲಿನ ಕೋಪ, ಮಗಳ ಕುತ್ತಿಗೆ ಮೇಲೆ.

ಇದರಿಂದ ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ. ಸುಟ್ಟದ್ದು ನಿಮ್ಮ ಕೈ. ನಾಲಿಗೆಗೆ ಮುಟ್ಟಿಸಿ ನೋಡಿ ಎಂದು ಬರೆದಿದ್ದೆ, ದೊಡ್ಡಸ್ತಿಕೆ ಬಿಡಲಿಲ್ಲ. ಈ ಕಾಗದವನ್ನು ನಿಮ್ಮ ವಕೀಲರಿಗೆ ತೋರಿಸಿ. ಶಾಯಿಯಲ್ಲಿ ಬರೆದಿದ್ದೇನೆ.

ಅವಳ ಅಮ್ಮ

*

ಆಗಸ್ಟ್ 18

ಸಾಸಿವೆಯ ಅಮ್ಮನಿಗೆ,

ನಿನ್ನ ಕಾಗದ ವಕೀಲರಿಗೆ ತೋರಿಸಿಲ್ಲ. ನನ್ನ ಒಳ್ಳೆಯತನವೆಂದು ತಿಳಿಯಬೇಡ. ತೋರಿಸಲು ಹೊರಟಿದ್ದೆ. ಕಡತ ತೆಗೆದರೆ ಖಾಲಿ. ನಿನ್ನ ನಾಲ್ಕು ಕಾಗದ, ನನ್ನ ನಾಲ್ಕು ಕಾರ್ಬನ್ ಪ್ರತಿ, ಎಂಟೂ ಇಲ್ಲ. ಸಾಸಿವೆ ಊಟದ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಂಡು ಓದುತ್ತಿದ್ದಳು.

"ದೊಡ್ಡವರ ಕಾಗದ ಓದ್ಬಾರ್ದು," ಅಂದೆ.

"ಎಂಟು ಕಾಗದಾನೂ ನನ್ನ ಕುತ್ತಿಗೆ ಬಗ್ಗೆ ಇದೆ. ನನಗೆ ಅಂತ ಒಂದಾದ್ರೂ ಇದೆಯಾ?" ಅಂದಳು.

ಇವಳಿಗೆ ಸಾಸಿವೆ ಎಂದು ಹೆಸರಿಟ್ಟದ್ದು ನೀನೋ ನಾನೋ ನೆನಪಿಲ್ಲ, ಯಾರಿಟ್ಟರೂ ಸರಿಯಾಗೇ ಇಟ್ಟಿದ್ದೇವೆ. ಸಿಡಿದರೆ ಕಣ್ಣಿಗೇ. ಕಾಗದಗಳನ್ನು ಮಡಚುತ್ತಾ ಅವಳೇ, "ನಾನು ಅಮ್ಮನ ಹತ್ರ ಹೋಗ್ತೀನಿ" ಅಂದಳು.

ನನಗೆ ಉರಿಯಿತು. "ಮುಚ್ಚಳದ ವಿಷಯ ಓದಿದೀಯ ತಾನೆ? ಬೇಕೂಂತ್ಲೇ ಹೇಳ್ಲಿಲ್ಲ ಅವಳು!"

"ಓದಿದೆ. ಅದಕ್ಕೇ ಅಳು ಬಂತು. ಆದ್ರೆ ಅಮ್ಮ 'ಗೊತ್ತಿತ್ತು' ಅಂತ ಬರೆದಿದಾಳೆ, ಬರೀಬೇಡ ಅಂದ್ರೂ ಬರೆದಿದಾಳೆ. ನೀನು 'ತಪ್ಪು' ಅಂತ ಬರೆದು, ಪಕ್ಕದಲ್ಲೇ 'ಆದರೆ' ಅಂತ ಬರೆದಿದೀಯ. ನಾನು ಡಾಕ್ಟ್ರ ಹತ್ರ ನಿನಗೋಸ್ಕರ ಸುಳ್ಳು ಹೇಳಿದೆ, ಅಪ್ಪಾ. ಇಲ್ಲೇ ಇದ್ರೆ ದಿನಾ ಹೇಳ್ಬೇಕಾಗುತ್ತೆ."

ಹತ್ತು ವರ್ಷದವಳ ಬಾಯಲ್ಲಿ ಇದನ್ನು ಕೇಳಿ ಅಂಗಡಿಗೆ ಹೋಗಿ ಕೂತೆ. ಬೀಗ ತೆಗೆಯಲಿಲ್ಲ, ಮೆಟ್ಟಿಲ ಮೇಲೆಯೇ ಕೂತೆ. ಗಡಿಯಾರದ ಮುದುಕರು ಚಹಾ ತಂದು ಪಕ್ಕದಲ್ಲಿಟ್ಟು ಹೋದರು.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ಆದರೆ 28ಕ್ಕೆ ನನ್ನ ಕಡೆಯಿಂದ ತಕರಾರಿಲ್ಲವೆಂದು ಬರೆದುಕೊಟ್ಟಿದ್ದೇನೆ. ಆ ತುಂಡನ್ನು ನೀನು ಬೇಕಾದರೆ ತಾ. ಏಕೆ, ಏನು ಎಂದು ನ್ಯಾಯಾಧೀಶರು ಕೇಳಿದರೆ ನಾನೇ ಹೇಳುತ್ತೇನೆ. ಇನ್ನೂರ ನಲವತ್ತು ಗ್ರಾಂ ಹಾಕಿದೆ, ನಾಲಿಗೆಗೆ ಮುಟ್ಟಿಸಿ ನೋಡದೆ ಕಾಲರಿಗೆ ಉಜ್ಜಿದೆ, ಮಗಳ ಕುತ್ತಿಗೆ ಸುಟ್ಟಿತು ಎನ್ನುತ್ತೇನೆ. ಅದರ ಪಕ್ಕದಲ್ಲಿ ಬೇರೆ ಮಾತಿರುವುದಿಲ್ಲ.

ಮುಲಾಮು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎಡಗಡೆ ಪೂರ್ತಿ ಮಾಗಿಲ್ಲ, ಅಲ್ಲಿ ಬೆರಳು ಒತ್ತಬೇಡ. ಅವಳ ಎಲ್ಲ ಅಂಗಿಗಳ ಕಾಲರಿನ ಒಳಗೆ ಹಳೇ ಮೆತ್ತನೆ ಬಟ್ಟೆ ಹೊಲಿದಿದ್ದೇನೆ. ಹೊಲಿಗೆ ಸೊಟ್ಟಗಿದೆ. ನಿನ್ನ ಇಸ್ತ್ರಿಯವರು ನಗಲಿ, ಆದರೆ ಬಿಚ್ಚಬೇಡಿ.

ಶನಿವಾರ ಹತ್ತೂವರೆಯ ಬಸ್ಸಿಗೆ ಕರೆತರುತ್ತೇನೆ. ಮೂರು ಗಂಟೆಗೆ ನಿಮ್ಮ ನಿಲ್ದಾಣ. ನೀನೇ ಬಂದು ಅವಳ ಕೈ ಹಿಡಿದು ಇಳಿಸಿಕೋ. ಆ ಬಸ್ಸು ಅಲ್ಲಿಂದ ಮುಂದೆ ಇನ್ನೆರಡು ಊರಿಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬರುತ್ತದಂತೆ. ನಾನು ಕೊನೆಯವರೆಗಿನ ಟಿಕೆಟು ತೆಗೆದುಕೊಂಡಿದ್ದೇನೆ. ಇಳಿಯುವುದಿಲ್ಲ.

ಸಾಸಿವೆಯ ಅಪ್ಪ